ಕ್ವಾಲಿಟಿ ಟೀಮಿಗೆ ನನ್ನ ಹೆಸರು ಹಾಕಿದ್ದಾರೆ. ಟ್ರೇನಿಂಗ್ ಮುಗೀತು, ಈಗ ಏನು ಮಾಡಲಿ?

ಬಿಳಿಸೆರಗು (ಗದಗ ಜಿಲ್ಲೆ)

ಎಲ್ಲರಿಗೂ ನಮಸ್ಕಾರ. ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಹೆರಿಗೆ ವಾರ್ಡಿನಲ್ಲಿ 6 ವರ್ಷ ಆಯಿತು. ಆಸ್ಪತ್ರೆ ಯಾವುದು ಅಂತ ಕೇಳಬೇಡಿ, ನನಗೆ ನೌಕರಿ ಬೇಕು.

ಹೋದ ತಿಂಗಳು ಗುಣಮಟ್ಟ ಸುಧಾರಣೆ ಅಂತ 3 ದಿನದ ತರಬೇತಿಗೆ ಕಳಿಸಿದ್ದರು. ಊಟ ಚೆನ್ನಾಗಿತ್ತು. ಮೀನಿನ ಮುಳ್ಳಿನ ಹಾಗೆ ಒಂದು ಚಿತ್ರ ಬರೆಸಿದರು. ಪಿಡಿಎಸ್‌ಎ (ಯೋಚಿಸು, ಸಣ್ಣದಾಗಿ ಮಾಡು, ಆದದ್ದರಿಂದ ಕಲಿ, ಮುಂದಿನ ಹೆಜ್ಜೆ ಇಡು) ಅಂದರು, ರನ್ ಚಾರ್ಟ್ (ಚುಕ್ಕೆ ಹಾಕುತ್ತಾ ಬದಲಾವಣೆ ನೋಡುವ ಗ್ರಾಫ್) ಅಂದರು. ಕೂತಾಗ ಎಲ್ಲ ತಿಳಿದ ಹಾಗೇ ಇತ್ತು. ಬಸ್ ಹತ್ತಿ ಮನೆಗೆ ಬರುವಷ್ಟರಲ್ಲಿ ಅರ್ಧ ಮರೆತಿತ್ತು.

ಬಂದ ಮಾರನೇ ದಿನ ಸಾಹೇಬರು ಕರೆದು ಒಂದು ಫೈಲ್ ಕೊಟ್ಟರು. 'ನೀವೇ ಈಗ ಕ್ವಾಲಿಟಿ ನೋಡಿಕೊಳ್ಳಬೇಕು, ಎನ್‌ಕ್ಯೂಎಎಸ್ ಪರೀಕ್ಷೆಯವರು ಬರುತ್ತಾರೆ' ಅಂದರು. ನಾನು ಉತ್ಸಾಹದಲ್ಲಿ ಗುರಿ ಬರೆದೆ: 'ಆರು ತಿಂಗಳಲ್ಲಿ ತಾಯಿ-ಮಗುವಿನ ಸಾವು ಸೊನ್ನೆ ಮಾಡುವುದು.' ಸಾಹೇಬರು ಸಹಿ ಹಾಕಿದರು. ಫೈಲ್ ಕಪಾಟಿನಲ್ಲಿದೆ. ವಾರ್ಡ್ ಮೊದಲು ಹೇಗಿತ್ತೋ ಹಾಗೇ ಇದೆ.

ಸುಮ್ನೆ ಕೇಳ್ತೀನಿ. ನಿಮ್ಮಲ್ಲಿ ಯಾರಾದರೂ ಇದನ್ನು ನಿಜವಾಗಿ ಮಾಡಿದ್ದೀರಾ? ಎಲ್ಲಿಂದ ಶುರು ಮಾಡಿದಿರಿ?

ಗಿರ್ಮಿಟ್ (ಹುಬ್ಬಳ್ಳಿ)

ಊಟ ಚೆನ್ನಾಗಿತ್ತು ಅಂದಿರಲ್ಲ ಸಿಸ್ಟರ್, ತರಬೇತಿಯ ಅರ್ಧ ಗುಣಮಟ್ಟ ಅಲ್ಲೇ ಸಾಧಿಸಿದ್ದಾರೆ. ನಮಗೆ ಎರಡು ಬಿಸ್ಕತ್ತಿನಲ್ಲೇ ಮುಗಿಸಿದ್ದರು.

ಏಲಕ್ಕಿಹಾರ (ಹಾವೇರಿ ಜಿಲ್ಲೆ)

ತಂಗಿ, ನಾನು ನಿವೃತ್ತಿಗೆ ಹತ್ತಿರ ಬಂದವಳು. ನೀನು ಮಾಡಿದ ತಪ್ಪನ್ನೇ ನಾನೂ ಮಾಡಿದ್ದೆ. ನನ್ನ ಮೊದಲ ಗುರಿ 'ವಾರ್ಡಿನಲ್ಲಿ ಸೋಂಕು ಪೂರ್ತಿ ನಿಲ್ಲಿಸುವುದು'. ಹಾಗಂದರೆ ನಾಳೆ ಬೆಳಗ್ಗೆ ಎದ್ದು ಏನು ಮಾಡಬೇಕು ಅಂತ ನನಗೇ ಗೊತ್ತಿರಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಕೋ. ಎನ್‌ಕ್ಯೂಎಎಸ್ ಅನ್ನುವುದು ಕೇಂದ್ರ ಆರೋಗ್ಯ ಇಲಾಖೆ 2013ರಲ್ಲಿ ತಂದ ಮಾನದಂಡ. ಅದರಲ್ಲಿ 8 ಭಾಗ ಇವೆ. ಯಾವ ಸೇವೆ ಇದೆ, ರೋಗಿಯ ಹಕ್ಕು, ಸಾಮಾನು-ಸಿಬ್ಬಂದಿ ಅಂತ ಶುರುವಾಗಿ ಕೊನೆಯದು ಫಲಿತಾಂಶ. 70 ಪರ್ಸೆಂಟ್ ಬಂದರೆ ಸರ್ಟಿಫಿಕೇಟ್. 2015ರ ಕಾಯಕಲ್ಪ ಸ್ವಚ್ಛತೆಗೆ. 2017ರ ಲಕ್ಷ್ಯ ನಿಮ್ಮ ಹೆರಿಗೆ ಕೋಣೆಗೆ. ಇವೆಲ್ಲ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅವು ಪರೀಕ್ಷೆ. ಇರಬೇಕಾದ್ದು ಇದೆಯಾ ಅಂತ ನೋಡುತ್ತವೆ. ಇರಬೇಕಾದ್ದು ಯಾಕೆ ಇಲ್ಲ, ಅದನ್ನು ನಮ್ಮ ಕೈಯಿಂದ ಹೇಗೆ ತರುವುದು ಅನ್ನುವುದು ಬೇರೆ ಕೆಲಸ. ನಿನ್ನ ಫೈಲಿನಲ್ಲಿ ಮೊದಲನೆಯದಿದೆ, ಎರಡನೆಯದಿಲ್ಲ.

ತರಬೇತಿಯಲ್ಲಿ ಮೂರು ಪ್ರಶ್ನೆ ಹೇಳಿರುತ್ತಾರೆ, ನೆನಪಿದೆಯಾ? ನಾವು ಏನು ಸರಿ ಮಾಡಬೇಕು? ಸರಿ ಆಯಿತು ಅಂತ ಹೇಗೆ ಗೊತ್ತಾಗುತ್ತದೆ? ಏನು ಬದಲಾಯಿಸಿದರೆ ಸರಿಯಾದೀತು? ಜನ ಮೂರನೆಯದರಿಂದ ಶುರು ಮಾಡುತ್ತಾರೆ. ಅದಕ್ಕೇ ಗೋಡೆ ತುಂಬ ಪೋಸ್ಟರ್.

ನಮ್ಮಲ್ಲೂ ಕೈ ತೊಳೆಯುವ ಪೋಸ್ಟರ್ ಇತ್ತು, ಬಣ್ಣದ್ದು. ಸಿಂಕ್ ಮಾತ್ರ ವಾರ್ಡಿನ ಆ ತುದಿಗೆ. ನಲ್ಲಿ ಸೋರುತ್ತಿತ್ತು. ಸೋಪ್ ಇಟ್ಟರೆ ಸಂಜೆಗೆ ಇರುತ್ತಿರಲಿಲ್ಲ. ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಹೋಗುವಾಗ ಅಷ್ಟು ದೂರ ನಡೆದು ಯಾರು ತೊಳೀತಾರೆ? ಕೊನೆಗೆ ಎರಡು ಹಾಸಿಗೆಗೆ ಒಂದರಂತೆ ಹ್ಯಾಂಡ್‌ರಬ್ ಬಾಟಲಿ ಕಟ್ಟಿದೆವು. ಅದನ್ನು ಉಜ್ಜುವುದಕ್ಕೆ 20-30 ಸೆಕೆಂಡ್ ಸಾಕು. ಅಳತೆಗೆ ಮಂಡೆ ಕೆಡಿಸಿಕೊಳ್ಳಲಿಲ್ಲ. ವಾರಕ್ಕೆ ಎಷ್ಟು ಬಾಟಲಿ ಖಾಲಿ ಆಯಿತು ಅಂತ ಬರೆದೆವು, ಅಷ್ಟೇ. ಪೋಸ್ಟರ್ ಇದ್ದ ಎರಡು ವರ್ಷದಲ್ಲಿ ಆಗದ್ದು ಬಾಟಲಿಯಿಂದ ಆಯಿತು.

ಅದಕ್ಕೇ ಕೇಳ್ತೀನಿ. ನಿನ್ನ ವಾರ್ಡಿನಲ್ಲಿ ದಿನಾ ನಿನಗೆ ಕಿರಿಕಿರಿ ಮಾಡುವ ಒಂದು ವಿಷಯ ಹೇಳು. ದೊಡ್ಡದು ಬೇಡ.

ಎರಡನೇ_ವರ್ಷ (ಹುಬ್ಬಳ್ಳಿ)

ನಾನು ಪಿಜಿ ಡಾಕ್ಟರ್. ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಚೆಕ್‌ಲಿಸ್ಟ್, ಚಾರ್ಟ್ ಅಂತ ಎಷ್ಟು ಗದ್ದಲ ಮಾಡಿದರೂ ರೋಗಿ ಬದುಕುವುದರಲ್ಲಿ ಏನು ಫರಕು? ಆಪರೇಷನ್ ಚೆಕ್‌ಲಿಸ್ಟ್ ಬಗ್ಗೆ ಎಲ್ಲರೂ 2009ರ ಅಧ್ಯಯನ ಹೇಳುತ್ತಾರೆ. ದೆಹಲಿಯೂ ಸೇರಿ 8 ಊರಿನ 8 ಆಸ್ಪತ್ರೆ, ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು. ಸರಿ. 2014ರಲ್ಲಿ ಕೆನಡಾದ ಒಂಟಾರಿಯೊದಲ್ಲಿ 101 ಆಸ್ಪತ್ರೆ ನೋಡಿದರು. ಅದೇ ಥರದ ಚೆಕ್‌ಲಿಸ್ಟ್. ಹೇಳಿಕೊಳ್ಳುವಂಥ ವ್ಯತ್ಯಾಸವೇ ಬರಲಿಲ್ಲ.

ಹೆರಿಗೆಯದೂ ಅದೇ ಕಥೆ. ಉತ್ತರ ಪ್ರದೇಶದಲ್ಲಿ 120 ಆಸ್ಪತ್ರೆ, 1.57 ಲಕ್ಷ ತಾಯಂದಿರು. ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟ್ ಕೊಟ್ಟು, ಪಕ್ಕದಲ್ಲಿ ಕಲಿಸುವವರನ್ನೂ ಇಟ್ಟರು. 2017ರಲ್ಲಿ ಫಲಿತಾಂಶ ಬಂತು. ತಾಯಿ-ಮಗುವಿನ ಸಾವಿನಲ್ಲಿ ವ್ಯತ್ಯಾಸ ಇಲ್ಲ. ಅಂದ ಮೇಲೆ ಸಿಸ್ಟರ್‌ಗಳ ತಲೆ ಮೇಲೆ ಇನ್ನೊಂದು ರಿಜಿಸ್ಟರ್ ಯಾಕೆ ಹೊರಿಸುತ್ತೀರಿ?

ಉಣಕಲ್_ನಡಿಗೆ (ಹುಬ್ಬಳ್ಳಿ)

ಡಾಕ್ಟ್ರೇ, ನಾನು ಆಸ್ಪತ್ರೆಯವನಲ್ಲ. ರೈಲ್ವೆ ವರ್ಕ್‌ಶಾಪಿನಲ್ಲಿ 34 ವರ್ಷ ದುಡಿದು ನಿವೃತ್ತನಾದವನು. ಸೊಸೆ ನರ್ಸ್, ಅವಳ ಮೊಬೈಲಿನಲ್ಲಿ ಇದನ್ನು ನೋಡಿ ಬರೆಯಬೇಕು ಅನಿಸಿತು.

ನೀವು ಹೇಳುವ ಈ ಚಾರ್ಟು, ಪಿಡಿಎಸ್‌ಎ ಯಾವುದೂ ಆಸ್ಪತ್ರೆಯಲ್ಲಿ ಹುಟ್ಟಿದ್ದಲ್ಲ, ನಮ್ಮಂಥವರ ಕಾರ್ಖಾನೆಯಿಂದ ನಿಮ್ಮಲ್ಲಿಗೆ ಬಂದದ್ದು. ಅಮೆರಿಕದಲ್ಲಿ ಟೆಲಿಫೋನ್ ಸಾಮಾನು ಮಾಡುವ ಕಡೆ ಶೂಹಾರ್ಟ್ ಅನ್ನುವವರು 1924ರಲ್ಲಿ ಮೊದಲ ಕಂಟ್ರೋಲ್ ಚಾರ್ಟ್ (ಏರಿಳಿತ ಸಹಜವೋ ಅಲ್ಲವೋ ತೋರಿಸುವ ಗ್ರಾಫ್) ಬರೆದರು. ಡೆಮಿಂಗ್ ಅದನ್ನು 1950ರಲ್ಲಿ ಜಪಾನಿನವರಿಗೆ ಕಲಿಸಿದರು. 'ಯಾಕೆ' ಅಂತ ಐದು ಸಲ ಕೇಳುವ ಪದ್ಧತಿ ಟೊಯೋಟಾದವರದು. ಪಿಡಿಎಸ್‌ಎ ಒಳಗಿನ ಎಸ್ ಅಂದರೆ ಸ್ಟಡಿ. ಅಲ್ಲಿ 'ಚೆಕ್' ಅಂತ ಹೇಳುವವರೂ ಇದ್ದರು. ಡೆಮಿಂಗ್‌ಗೆ ಆ ಮಾತು ಸೇರುತ್ತಿರಲಿಲ್ಲ. ಆಯ್ತೋ ಇಲ್ಲವೋ ನೋಡಿ ಟಿಕ್ ಹಾಕಿದರೆ ಸಾಲದು, ಆದದ್ದರಿಂದ ಏನು ಕಲಿತೆವು ಅಂತ ಕೂತು ನೋಡಬೇಕು ಅನ್ನುವುದು ಅವರ ಹಟ.

ಬೋಗಿ ರಿಪೇರಿಗೆ ಬಂದಾಗ ನಮ್ಮಲ್ಲೂ ಟಿಕ್ ಹಾಕುವ ಹಾಳೆ ಇತ್ತು. ಕೆಲವರು ಚಹಾ ಕುಡಿಯುತ್ತಾ ಕೂತಲ್ಲೇ ಹಾಕುತ್ತಿದ್ದರು. ಹಾಳೆ ಬೋಲ್ಟ್ ಬಿಗಿ ಮಾಡುವುದಿಲ್ಲ, ಕೈ ಮಾಡಬೇಕು. ನಿಮ್ಮ ಕೆನಡಾದಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ. ಆದರೆ ಹಾಳೆ ತುಂಬಿದ್ದನ್ನೇ ಕೆಲಸ ಆಯಿತು ಅಂದುಕೊಂಡರೆ ಏನಾಗುತ್ತದೆ ಅಂತ ಗೊತ್ತು.

ಏಲಕ್ಕಿಹಾರ

ಕಾಕಾ ಸರಿಯಾಗಿ ಹೇಳಿದರು. ಡಾಕ್ಟ್ರೇ, ನಿಮ್ಮ ಉತ್ತರ ಪ್ರದೇಶದ ಅಧ್ಯಯನದಲ್ಲೇ ಇನ್ನೊಂದು ಲೆಕ್ಕ ಇದೆ. ಕಲಿಸುವವರು ಬಂದು ಎರಡು ತಿಂಗಳಿಗೆ ನೋಡಿದಾಗ, ಮಾಡಬೇಕಾದ ಕೆಲಸಗಳಲ್ಲಿ ಸುಮಾರು 73 ಪರ್ಸೆಂಟ್ ನಡೆಯುತ್ತಿತ್ತು. ಚೆಕ್‌ಲಿಸ್ಟ್ ಇಲ್ಲದ ಕಡೆ 42. ಅವರು ಹೋದ ಮೇಲೆ, 12 ತಿಂಗಳಿಗೆ, 73 ಇದ್ದದ್ದು 62ಕ್ಕೆ ಇಳಿಯಿತು. ಹೊರಗಿನವರು ಬಂದು ಮಾಡಿಸಿದ್ದು ಅವರ ಹಿಂದೆಯೇ ಹೋಗುತ್ತದೆ ಅಂತ ನಾನು ಓದಿಕೊಂಡೆ.

ಇದೇ ಚೆಕ್‌ಲಿಸ್ಟನ್ನು ಮೊದಲು ಪ್ರಯೋಗ ಮಾಡಿದ್ದು ನಮ್ಮ ಕರ್ನಾಟಕದ ಒಂದು ಹೆರಿಗೆ ಆಸ್ಪತ್ರೆಯಲ್ಲಿ. ಅದು 2012ರಲ್ಲಿ ಪ್ರಕಟವಾಯಿತು. ಒಂದೊಂದು ಹೆರಿಗೆಗೆ ಮಾಡಬೇಕಾದ 29 ಕೆಲಸದಲ್ಲಿ ಸರಾಸರಿ 10 ನಡೆಯುತ್ತಿದ್ದವು. ಆಮೇಲೆ 25.

ಎರಡನೇ_ವರ್ಷ

ಕೆಲಸ ಜಾಸ್ತಿ ನಡೆಯಿತು, ಒಪ್ಪಿದೆ ಅಕ್ಕ. ಜೀವ ಉಳಿಯಿತಾ ಅನ್ನುವುದು ನನ್ನ ಪ್ರಶ್ನೆ. ಅದಕ್ಕೆ ನೀವಿನ್ನೂ ಉತ್ತರ ಕೊಟ್ಟಿಲ್ಲ.

ಏಲಕ್ಕಿಹಾರ

ಕೊಟ್ಟಿಲ್ಲ, ನಿಜ. ಒಂದು ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಕೂತು ಸಾವಿನ ಲೆಕ್ಕ ಹಿಡಿದರೆ ಏನೂ ತಿಳಿಯುವುದಿಲ್ಲ. ಪುಣ್ಯಕ್ಕೆ ಸಾವು ಅಷ್ಟು ಆಗುವುದಿಲ್ಲ. ಅದಕ್ಕೇ ಕೂಸಿನ ಮೈಗೆ ಹತ್ತಿರ ಇರುವ ಒಂದು ಅಳತೆ ಹಿಡಿ ಅಂತ ಹೇಳೋದು. ರಿಜಿಸ್ಟರಿಗೆ ಹತ್ತಿರ ಇರುವುದು ಬೇಡ.

ಶಿಗ್ಗಾಂವಿ_ರೈತ

ನಡುವೆ ಬಂದೆ, ಕ್ಷಮಿಸಿ. ನಮ್ಮಂಥ ರೋಗಿಗಳ ಮಾತೂ ಒಂದು ಇರಲಿ. ನಮ್ಮ ತಂದೆಗೆ ಸಕ್ಕರೆ ಕಾಯಿಲೆ. ಉಪವಾಸ ಬನ್ನಿ ಅಂತೀರಿ, ಬೆಳಗ್ಗೆ 6ಕ್ಕೆ ಮನೆ ಬಿಡುತ್ತೇವೆ. ಚೀಟಿಗೆ ಸಾಲು, ಡಾಕ್ಟರ ಹತ್ತಿರ ಸಾಲು, ರಕ್ತಕ್ಕೆ ಸಾಲು. ಮಧ್ಯಾಹ್ನ 'ರಿಪೋರ್ಟ್ ನಾಳೆ' ಅಂತಾರೆ. ನಾಳೆ ಅಂದರೆ ಇನ್ನೊಂದು ದಿನದ ಕೂಲಿ ಹೋಯಿತು. ಎರಡು ಸಲ ಹೀಗೆ ಆದ ಮೇಲೆ ತಂದೆ ಬರುವುದನ್ನೇ ಬಿಟ್ಟರು. ಈ ಕ್ವಾಲಿಟಿ ನಮ್ಮವರೆಗೆ ಯಾವಾಗ ಬರುತ್ತದೆ?

ರಕ್ತಬಿಂದು (ಧಾರವಾಡ)

ಶಿಗ್ಗಾಂವಿ ಅಣ್ಣ, ನಾನು ಲ್ಯಾಬ್ ಟೆಕ್ನೀಶಿಯನ್. ನೀವು ಬೈಯುವ ಕಿಟಕಿಯ ಒಳಗೆ ಕೂರುವವನು ನಾನೇ. ನಮ್ಮಲ್ಲೂ ಇದೇ ಗೋಳು ಇತ್ತು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಪೆದ್ದುತನ ಇದರಲ್ಲಿ ಇದೆ.

'ರಿಪೋರ್ಟ್ ನಾಳೆ' ಅಂತ ಹೇಳಿ ಹೇಳಿ ನನಗೇ ಬೇಸರ ಬಂದಿತ್ತು. ಒಂದು ದಿನ ಮೂವರು ಕೂತು ಯಾಕೆ ಯಾಕೆ ಅಂತ ಕೇಳಿಕೊಂಡೆವು. ರಿಪೋರ್ಟ್ ಯಾಕೆ ನಾಳೆ? ಯಂತ್ರದಿಂದ ಬರುವುದೇ ಮಧ್ಯಾಹ್ನ 2ಕ್ಕೆ, ಅಷ್ಟೊತ್ತಿಗೆ ಒಪಿಡಿ ಡಾಕ್ಟರು ವಾರ್ಡಿಗೆ ಹೋಗಿರುತ್ತಾರೆ. ಯಾಕೆ 2ಕ್ಕೆ? ಎಲ್ಲ ಸ್ಯಾಂಪಲ್ ಕೂಡಿಸಿ ಒಂದೇ ಸಲ ಹಾಕುತ್ತೇವೆ. ಯಾಕೆ ಕೂಡಿಸುತ್ತೇವೆ? ನಾಲ್ಕು ಸ್ಯಾಂಪಲ್‌ಗೆ ಯಂತ್ರ ಓಡಿಸಿದರೆ ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ಹಾಳು. ಇಲ್ಲಿ ನಮ್ಮ ಹೊಸ ಹುಡುಗಿ ಕೇಳಿದಳು, 'ಸರ್, ಅದು ಹಳೇ ಯಂತ್ರದಲ್ಲಿ ಅಲ್ವಾ? ಇದರಲ್ಲಿ ಒಂದೊಂದೇ ಹಾಕಬಹುದಲ್ಲ?'

ಹೌದು. ಹೊಸ ಯಂತ್ರ ಬಂದು ಎರಡು ವರ್ಷ ಆಗಿತ್ತು. ನಾವು ಇನ್ನೂ ಹಳೇ ಯಂತ್ರಕ್ಕೆ ಸೇವೆ ಮಾಡುತ್ತಿದ್ದೆವು. ಕೊನೆಯ 'ಯಾಕೆ'ಗೆ ಉತ್ತರ: ಯಾರೂ ಕೇಳಿರಲಿಲ್ಲ.

ಒಂದೇ ಸಲಕ್ಕೆ ಎಲ್ಲ ಬದಲಾಯಿಸಲಿಲ್ಲ. ಒಂದು ಮಂಗಳವಾರ, ಸಕ್ಕರೆ ಪರೀಕ್ಷೆ ಮಾತ್ರ, ಸ್ಯಾಂಪಲ್ ಬಂದ ಹಾಗೇ ಹಾಕಿದೆವು. ಆಗ ಇನ್ನೊಂದು ಕಂಡಿತು. ಕಲಘಟಗಿ ಕಡೆಯವರೆಲ್ಲ ಒಂದೇ ಬಸ್ಸಿಗೆ ಬರುತ್ತಾರೆ, ಹೀಗಾಗಿ 9:40ರಿಂದ 10:30ರವರೆಗೆ ಸಂತೆ, ಆಮೇಲೆ ಖಾಲಿ. 'ಇವತ್ತು ಜನ ಜಾಸ್ತಿ' ಅಂತ ನಾವು ದಿನಾ ಹೇಳುತ್ತಿದ್ದೆವಲ್ಲ, ಜನ ಅಷ್ಟೇ ಇದ್ದರು. ಎಲ್ಲರೂ ಒಟ್ಟಿಗೆ ಬರುತ್ತಿದ್ದರು, ಅಷ್ಟೇ. ಆ ಐವತ್ತು ನಿಮಿಷಕ್ಕೆ ಇನ್ನೊಬ್ಬರನ್ನು ರಕ್ತ ತೆಗೆಯಲು ಕೂರಿಸಿದೆವು.

ಆಮೇಲೆ ಮೊದಲೇ ಗೊತ್ತಿರುವ ಸಕ್ಕರೆ ರೋಗಿಗಳಿಗೆ ಮುಂದಿನ ತಿಂಗಳ ಪರೀಕ್ಷೆ ಚೀಟಿಯನ್ನು ಇವತ್ತೇ ಬರೆಸಿ ಕೊಟ್ಟೆವು. ನೇರ ಲ್ಯಾಬಿಗೆ ಬರಲಿ ಅಂತ. ಅದು ಪೂರ್ತಿ ಫೇಲ್! ಅರ್ಧ ಜನ ಚೀಟಿ ಕಳೆದುಕೊಂಡು ಬಂದರು. ಒಬ್ಬ ಅಜ್ಜ ಅದರಲ್ಲಿ ಅಡಿಕೆ ಕಟ್ಟಿಕೊಂಡು ಬಂದಿದ್ದರು. ಎರಡನೇ ಸುತ್ತಿಗೆ ಚೀಟಿಯನ್ನು ಅವರ ಗುಳಿಗೆ ಪುಸ್ತಕಕ್ಕೆ ಪಿನ್ ಹೊಡೆದು ಕೊಟ್ಟೆವು. ಅದು ನಿಂತಿತು. ಈಗ ಆ ಅಜ್ಜ ಬೆಳಗ್ಗೆ ಬಂದು ರಕ್ತ ಕೊಟ್ಟು, ಇಡ್ಲಿ ತಿಂದು, ಡಾಕ್ಟರಿಗೆ ತೋರಿಸಿ, ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗುತ್ತಾರೆ.

ಶಿಗ್ಗಾಂವಿ_ರೈತ

ನಮ್ಮ ಕಡೆ ಆಸ್ಪತ್ರೆಗೂ ಒಂದು ಸಲ ಬಂದು ಹೋಗಿ ಅಣ್ಣ. ಬಸ್ ಚಾರ್ಜ್ ನಾನು ಕೊಡುತ್ತೇನೆ.

ಬಿಳಿಸೆರಗು

ಏಲಕ್ಕಿ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು. ದಿನಾ ಕಿರಿಕಿರಿ ಮಾಡುವುದು: ಕೂಸಿನ ಮೈ ತಣ್ಣಗಾಗುವುದು. ಈಗ ಚಳಿಗಾಲ ಬೇರೆ. ವಾರ್ಡಿಗೆ ಕೊಟ್ಟ ಮೇಲೆ ಅಂಗಾಲು ಮುಟ್ಟಿದರೆ ಐಸ್. ಕೂಸು ಸರಿಯಾಗಿ ಹಾಲು ಹಿಡಿಯುವುದಿಲ್ಲ. ಮನೆಯವರು 'ಅಳೋದೇ ಇಲ್ಲ, ಭಾಳ ಶಾಣ್ಯಾ ಕೂಸು' ಅಂತ ಖುಷಿ ಪಡುತ್ತಾರೆ. ನನಗೆ ಎದೆ ಡವಡವ.

ಇದು ಚಿಕ್ಕದಾಯಿತೇನೋ?

ಏಲಕ್ಕಿಹಾರ

ಇದೇ ಬೇಕು. ಎಷ್ಟು ಕೂಸು ತಣ್ಣಗಾಗುತ್ತವೆ ಅಂತ ಮೊದಲು ಎಣಿಸು. 36.5ರಿಂದ 37.5 ಡಿಗ್ರಿ ಸರಿ. 36ಕ್ಕಿಂತ ಕೆಳಗೆ ಹೋದರೆ ಸುಮ್ಮನೆ ಕೂರುವ ಹಾಗಿಲ್ಲ. ಇನ್ನೂ ಏನೂ ಬದಲಾಯಿಸಬೇಡ. ಯಾರನ್ನೂ ಬೈಯಬೇಡ. ಡಬ್ಲ್ಯುಎಚ್‌ಒ ಮತ್ತು ದೆಹಲಿ ಏಮ್ಸ್‌ನವರು ಸೇರಿ ಮಾಡಿದ ಪಿಒಸಿಕ್ಯೂಐ ಅಂತ ಪಾಠ ಇದೆ, ನಾಲ್ಕೇ ಹೆಜ್ಜೆ. ಸಮಸ್ಯೆ ಆರಿಸಿ ತಂಡ ಕಟ್ಟುವುದು, ಅಳೆದು ಕಾರಣ ಹುಡುಕುವುದು, ಬದಲಾವಣೆ ಸಣ್ಣದಾಗಿ ಮಾಡಿ ನೋಡುವುದು, ಆದದ್ದನ್ನು ಉಳಿಸಿಕೊಳ್ಳುವುದು. ನೀನು ಒಂದನೆಯದರಲ್ಲಿ ಇದ್ದೀಯ. ತಂಡದಲ್ಲಿ ಆಯಾಗಳನ್ನು ಬಿಡಬೇಡ.

ಬಿಳಿಸೆರಗು (ಎರಡು ವಾರದ ನಂತರ)

ಅಕ್ಕ, ಎಣಿಸಲು ಹೋಗಿ ಮುಖಭಂಗ ಆಯಿತು. ಹಳೇ ಕೇಸ್ ಶೀಟ್ ತೆಗೆದು ನೋಡಿದರೆ ಎಲ್ಲ ಕೂಸುಗಳದೂ 98.4, 98.4, 98.4 (ಫ್ಯಾರನ್‌ಹೀಟ್, ನಿಮ್ಮ ಲೆಕ್ಕದಲ್ಲಿ ಸುಮಾರು 36.9). ರಾತ್ರಿ 3ಕ್ಕೂ 98.4, ಬೆಳಗ್ಗೆ 6ಕ್ಕೂ 98.4. ಅರ್ಧ ನನ್ನದೇ ಕೈಬರಹ. ಸುಳ್ಳು ಯಾಕೆ ಹೇಳಲಿ, ಒಬ್ಬಳೇ ಇದ್ದು ಎರಡು ಹೆರಿಗೆ ಒಟ್ಟಿಗೆ ಆದರೆ ಥರ್ಮಾಮೀಟರ್ ಹಿಡಿಯಲು ಕೈ ಎಲ್ಲಿದೆ? ಬರೆಯಲೇಬೇಕು, ಬರೆದೆವು.

ಇನ್ನೊಂದು. ನಮ್ಮ ಪಾದರಸದ ಥರ್ಮಾಮೀಟರ್ 35ಕ್ಕಿಂತ ಕೆಳಗೆ ತೋರಿಸುವುದೇ ಇಲ್ಲ. ಕೂಸು ಅದಕ್ಕಿಂತ ತಣ್ಣಗಿದ್ದರೆ ಹಿಡಿದು ನೋಡಿದರೂ ತಿಳಿಯುತ್ತಿರಲಿಲ್ಲ. ಸ್ಟೋರಿನಲ್ಲಿ ಹುಡುಕಿ ಎರಡು ಡಿಜಿಟಲ್ ತಂದೆ.

ಈಗ ಒಂದೇ ನಿಯಮ. ಹುಟ್ಟಿ ಒಂದು ಗಂಟೆಗೆ ಒಂದು ಸಲ ನೋಡಬೇಕು. ನೋಡದಿದ್ದರೆ 'ನೋಡಿಲ್ಲ' ಅಂತ ಬರೆಯಬೇಕು. ಹಾಗೆ ಬರೆದಿದ್ದಕ್ಕೆ ಯಾರೂ ಬೈಯಬಾರದು ಅಂತ ಇನ್‌ಚಾರ್ಜ್ ಸಿಸ್ಟರ್ ಹತ್ತಿರ ಮಾತು ತೆಗೆದುಕೊಂಡೆ. ಮೊದಲು ನೋಡಿದ 10 ಕೂಸುಗಳಲ್ಲಿ 7 ತಣ್ಣಗಿದ್ದವು.

ಎರಡನೇ_ವರ್ಷ

ಆ 98.4 ಬಗ್ಗೆ ಬರೆದಿರಲ್ಲ, ಅದಕ್ಕೆ ಸಲಾಂ. ನಮ್ಮ ವಾರ್ಡುಗಳಲ್ಲೂ ಉಸಿರಾಟ ಯಾವಾಗಲೂ ನಿಮಿಷಕ್ಕೆ 20. ಬದುಕಿದವರಿಗೂ 20, ಐಸಿಯುಗೆ ಹೋಗುತ್ತಿರುವವರಿಗೂ 20.

ಉಣಕಲ್_ನಡಿಗೆ

ತಂಗಿ, ವಾರಕ್ಕೆ ಎಷ್ಟು ಅಂತ ಲೆಕ್ಕ ಹಾಕಬೇಡ. ನಿನ್ನಲ್ಲಿ ಒಂದು ವಾರ 6 ಹೆರಿಗೆ, ಇನ್ನೊಂದು ವಾರ 18 ಇರುತ್ತದೆ. ಗೆರೆ ಕುಣಿಯುತ್ತದೆ. ಪ್ರತಿ 10 ಕೂಸಿಗೆ ಒಂದು ಚುಕ್ಕೆ ಹಾಕು. ಶಾಲೆ ಮಕ್ಕಳ ಗ್ರಾಫ್ ಹಾಳೆ ಸಾಕು. ಹತ್ತಾರು ಚುಕ್ಕೆ ಆದ ಮೇಲೆ ನಟ್ಟನಡುವಿನ ಅಂಕಿಗೆ ಒಂದು ಅಡ್ಡ ಗೆರೆ ಎಳೆ. ಒಂದು ಚುಕ್ಕೆ ಇಳಿದರೆ ಪೇಡೆ ಹಂಚಬೇಡ, ಒಂದು ಏರಿದರೆ ಅಳಬೇಡ. ಸಾಲಾಗಿ 6 ಚುಕ್ಕೆ ಗೆರೆಯ ಒಂದೇ ಬದಿಗೆ ಬಿದ್ದರೆ ಏನೋ ನಿಜವಾಗಿ ಬದಲಾಗಿದೆ ಅಂತ ಅರ್ಥ. ಗೆರೆಯ ಮೇಲೇ ಕೂತ ಚುಕ್ಕೆ ಲೆಕ್ಕಕ್ಕಿಲ್ಲ.

ಗಿರ್ಮಿಟ್

ಕಾಕಾ, ನನ್ನ ತೂಕಕ್ಕೂ ಇದೇ ನಿಯಮ ಹಾಕಬಹುದಾ? ಆರು ತಿಂಗಳಿಂದ ಗೆರೆಯ ಮೇಲೇ ಇದ್ದೇನೆ.

ಬಿಳಿಸೆರಗು (ನಾಲ್ಕು ತಿಂಗಳ ನಂತರ)

ತಡವಾಯಿತು. ನಡುವೆ ಡ್ಯೂಟಿ, ತಂಗಿಯ ಮದುವೆ, ಎಲ್ಲ ಬಂತು. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ತಂಡ ಅಂದರೆ ನಾನು, ಇನ್‌ಚಾರ್ಜ್ ಸಿಸ್ಟರ್, ಒಬ್ಬ ಡಾಕ್ಟರ್, ಇಬ್ಬರು ಆಯಾ. ಡಾಕ್ಟರ್ ಬಂದದ್ದು ಎರಡೇ ಮೀಟಿಂಗ್‌ಗೆ. ಚಹಾ ಹೊತ್ತಿನಲ್ಲಿ ಹತ್ತು ನಿಮಿಷ ಕೂರುತ್ತಿದ್ದೆವು. ಕೂಸು ಯಾಕೆ ತಣ್ಣಗಾಗುತ್ತದೆ ಅಂತ ಕೇಳಿದಾಗ ನಾವು ಸಿಸ್ಟರ್‌ಗಳೆಲ್ಲ 'ಸ್ಟಾಫ್ ಕಡಿಮೆ' ಅಂದೆವು. ಅದು ನಿಜ. ಆದರೆ ಅದನ್ನು ನಾವು ಸರಿ ಮಾಡಲು ಆಗುವುದಿಲ್ಲ.

ಆಗ ಹಿರಿಯ ಆಯಾ ಬಾಯಿಬಿಟ್ಟರು. 'ಅಕ್ಕಾರ, ವಾರ್ಮರ್ ಪಿನ್ ಕಿತ್ತು ನೀವೇ ಸಕ್ಷನ್ ಮಷಿನ್ ಪಿನ್ ಹಾಕ್ತೀರಲ್ರೀ. ಮತ್ತ ಅದು ಹೆಂಗ ಬೆಚ್ಚಗಾಗ್ಬೇಕು?'

ಎಲ್ಲರೂ ಸುಮ್ಮನಾದೆವು. ವಾರ್ಮರ್ ಅಂದರೆ ಕೂಸನ್ನು ಬೆಚ್ಚಗಿಡುವ ಯಂತ್ರ, ಸಕ್ಷನ್ ಅಂದರೆ ಬಾಯಿ-ಮೂಗಿನ ನೀರು ಎಳೆಯುವ ಯಂತ್ರ. ಹೆರಿಗೆ ಟೇಬಲ್ ಹತ್ತಿರ ಇರುವುದು ಒಂದೇ ಪ್ಲಗ್. ಹೆರಿಗೆ ಹತ್ತಿರ ಬಂದಾಗ ಸಕ್ಷನ್ ಬೇಕಾದೀತು ಅಂತ ವಾರ್ಮರ್ ಪಿನ್ ತೆಗೆಯುತ್ತೇವೆ. ಕೂಸು ಹುಟ್ಟಿದ ಮೇಲೆ ಮತ್ತೆ ಹಾಕುತ್ತೇವೆ. ಅದು ಬಿಸಿಯಾಗಲು ಹೊತ್ತು ಬೇಕಲ್ಲ? ಕೂಸು ತಣ್ಣನೆಯ ಹಾಸಿಗೆ ಮೇಲೆ ಬಿದ್ದಿರುತ್ತದೆ. 6 ವರ್ಷದಿಂದ ನನ್ನ ಕೈಯಾರೆ ಈ ಪಿನ್ ತೆಗೆದಿದ್ದೇನೆ, ಒಂದು ಸಲವೂ ತಲೆಗೆ ಬಂದಿರಲಿಲ್ಲ.

ಪ್ಲಗ್ ಹಾಕಿಸಲು ಇಂಡೆಂಟ್ (ಬೇಡಿಕೆ ಚೀಟಿ) ಕೊಟ್ಟೆವು. ಅದು ಬರುವವರೆಗೆ ಸುಮ್ಮನೆ ಕೂರಬಾರದು ಅಂತ ಬೇರೆಯದನ್ನು ನೋಡಿದೆವು.

ಬಟ್ಟೆ. ಕೂಸಿಗೆ ಹೊಸ ಬಟ್ಟೆ ಹಾಕಬಾರದು ಅಂತ ಮನೆಯವರು ಹಳೇ ಮೆತ್ತನೆ ಧೋತರದ ತುಂಡು ತಂದಿರುತ್ತಾರೆ. ಒಳ್ಳೆಯದೇ. ಆದರೆ ಅದು ಹೊರಗೆ ಅತ್ತೆಯವರ ಚೀಲದಲ್ಲಿ. ಅತ್ತೆಯವರು ಗೇಟಿನ ಚಹಾ ಅಂಗಡಿ ಹತ್ತಿರ. ಆಯಾ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಕೂಸು ಒದ್ದೆ ಬಟ್ಟೆಯಲ್ಲೇ. ಮೊದಲು ಒಬ್ಬ ತಾಯಿಗೆ, ಒಂದು ದಿನ ಮಾಡಿ ನೋಡಿದೆವು. ಭರ್ತಿ ಆಗುವಾಗಲೇ ತಾಯಿ ಕಾರ್ಡ್ ಜೊತೆ ಒಗೆದ ಎರಡು ಬಟ್ಟೆ, ಒಂದು ಟೋಪಿ ಇಸಿದುಕೊಂಡೆವು. ಒಂದು ಬಟ್ಟೆ ಒರೆಸಲು, ಒಂದು ಹೊದೆಸಲು. ಮಾರನೇ ದಿನ ಐದು ಜನಕ್ಕೆ. ರಾತ್ರಿ ಪಾಳಿಯಲ್ಲಿ ಬಟ್ಟೆ ಅದಲು ಬದಲಾಗಿ ಜಗಳ ಆಯಿತು! 'ನಮ್ಮ ಕೂಸಿಗೆ ಯಾರದೋ ಬಟ್ಟೆ' ಅಂತ. ಆಮೇಲೆ ಚೀಲಕ್ಕೆ ತಾಯಿ ಹೆಸರಿನ ಪಟ್ಟಿ ಅಂಟಿಸಿದೆವು. ಈಗ ಆಶಾ ಕಾರ್ಯಕರ್ತೆಯರೇ ಒಂಬತ್ತನೇ ತಿಂಗಳಲ್ಲಿ ಹೇಳಿ ಕಳಿಸುತ್ತಾರೆ.

ಫ್ಯಾನ್. ನೋವು ತಿನ್ನುವ ತಾಯಿಗೆ ಬೆವರು, ಫ್ಯಾನ್ ಬೇಕು. ಕೂಸಿಗೆ ಕೋಣೆ 25 ಡಿಗ್ರಿಗಿಂತ ಕೆಳಗೆ ಇಳಿಯಬಾರದು, ಗಾಳಿ ಬೀಸಬಾರದು. ಫ್ಯಾನ್ ಆರಿಸಿ ಅಂತ ಬೋರ್ಡ್ ಹಾಕಿದ್ದೆವು, ಯಾರೂ ನೋಡಲಿಲ್ಲ. ನಮ್ಮ ಕೈ ಆಗ ಖಾಲಿ ಇರುವುದಿಲ್ಲ. ಕೊನೆಗೆ ಆ ಕೆಲಸವನ್ನು ಜೊತೆಗಿರುವ ತಾಯಿಯ ಅಮ್ಮನಿಗೋ ಅಕ್ಕನಿಗೋ ವಹಿಸಿದೆವು. 'ಕೂಸಿನ ತಲೆ ಕಂಡಾಗ ನಾನು ಹೇಳ್ತೀನಿ, ನೀವು ಫ್ಯಾನ್ ಆರಿಸಬೇಕು.' ಅವರಿಗೂ ಕೈಗೊಂದು ಕೆಲಸ ಸಿಕ್ಕಿತು. ಇಲ್ಲದಿದ್ದರೆ ನಿಂತು ಅಳುತ್ತಿರುತ್ತಾರೆ.

ತೂಕ. ಹುಟ್ಟಿದ ತಕ್ಷಣ ಆಚೆ ಕೋಣೆಗೆ ಓಡಿಸಿ ತೂಕ ಮಾಡಿಸುತ್ತಿದ್ದೆವು. ಯಾಕೆ? ಮನೆಯವರು ಮೊದಲು ಕೇಳುವುದು ಗಂಡೋ ಹೆಣ್ಣೋ, ಎರಡನೆಯದು ಎಷ್ಟು ಕೆಜಿ. ಬೇರೆ ಕಾರಣವೇ ಇಲ್ಲ. ಈಗ ಒರೆಸಿ, ಒದ್ದೆ ಬಟ್ಟೆ ತೆಗೆದು, ತಾಯಿಯ ಎದೆ ಮೇಲೆ ಮೈಗೆ ಮೈ ತಾಗಿಸಿ ಮಲಗಿಸುತ್ತೇವೆ. ತೂಕ ಒಂದು ಗಂಟೆ ಆದ ಮೇಲೆ. ಹಾಲು ಕುಡಿಯುವುದು ಅಷ್ಟರಲ್ಲಿ ತಾನೇ ಶುರುವಾಗಿರುತ್ತದೆ.

ಇನ್ನು ಚಾರ್ಟ್. ನಾನು ಅದನ್ನು ಡ್ಯೂಟಿ ಟೇಬಲ್ ಎದುರು ಗೋಡೆಗೆ ಅಂಟಿಸಿದ್ದೆ. ಸಾಹೇಬರು 'ತೆಗೆಯಿರಿ, ಇನ್‌ಸ್ಪೆಕ್ಷನ್‌ಗೆ ಬಂದವರು 10ಕ್ಕೆ 7 ತಣ್ಣಗೆ ಅಂತ ನೋಡಿದರೆ ಏನು ಗತಿ?' ಅಂದರು. ಕಪಾಟಿನ ಬಾಗಿಲಿನ ಒಳಗೆ ಅಂಟಿಸಿದೆ. ಒಂದೇ ವಾರ. ಯಾರೂ ಚುಕ್ಕೆ ಹಾಕಲಿಲ್ಲ, ಥರ್ಮಾಮೀಟರೂ ಹಿಡಿಯಲಿಲ್ಲ. ಕಣ್ಣಿಗೆ ಕಾಣದ್ದನ್ನು ಯಾರು ನೆನಪಿಡುತ್ತಾರೆ? ಇನ್‌ಚಾರ್ಜ್ ಸಿಸ್ಟರ್ ಸಾಹೇಬರ ಹತ್ತಿರ ಹೋಗಿ, 'ಸರ್, ಇಳಿಯುತ್ತಿರುವ ಗೆರೆ ತೋರಿಸಿದರೆ ಮಾರ್ಕ್ಸ್ ಜಾಸ್ತಿ ಬರುತ್ತದೆ' ಅಂದರು. ಚಾರ್ಟ್ ಮತ್ತೆ ಗೋಡೆಗೆ ಬಂತು.

ಮೊದಲ ತಿಂಗಳ ಚುಕ್ಕೆಗಳು 7, 6, 7, 5. ಬಟ್ಟೆ, ಫ್ಯಾನ್, ತೂಕ ಬದಲಾದ ಮೇಲೆ 5, 4, 4. ಪ್ಲಗ್ ಬಂದ ಮೇಲೆ 2, 3, 2, 1, 2. ಕಾಕಾ ಹೇಳಿದ ಸಾಲು 6 ಚುಕ್ಕೆಗೆ ಇನ್ನೊಂದು ಬಾಕಿ ಇದೆ.

ರಕ್ತಬಿಂದು

ಒಂದು ಅನುಮಾನ ಸಿಸ್ಟರ್. ಈಗ ವಾರ್ಮರ್ ಯಾವಾಗಲೂ ಆನ್. ಕೂಸು ಜಾಸ್ತಿ ಬಿಸಿ ಆಗುವುದಿಲ್ಲವಾ? ನಮ್ಮಲ್ಲಿ ರಿಪೋರ್ಟ್ ಬೇಗ ಮಾಡಲು ಹೋಗಿ ಎರಡು ಚೀಟಿ ಅದಲು ಬದಲಾದ ಪಾಪ ಇದೆ. ಒಂದು ಕಡೆ ಸರಿ ಮಾಡುವಾಗ ಇನ್ನೊಂದು ಕಡೆ ಹರಿಯುತ್ತದಾ ಅಂತಲೂ ನೋಡಬೇಕು.

ಬಿಳಿಸೆರಗು

ಒಳ್ಳೆ ಪ್ರಶ್ನೆ ಬ್ರದರ್. ಎರಡು ಕೂಸು 37.5 ದಾಟಿದ್ದವು. ಎರಡನ್ನೂ ವಾರ್ಮರ್ ಕೆಳಗೆ ಬಿಟ್ಟು ಮರೆತಿದ್ದೆವು. ಈಗ ಅದೇ ಗ್ರಾಫಿನಲ್ಲಿ ಕೆಂಪು ಪೆನ್ನಿನಿಂದ ಅದನ್ನೂ ಹಾಕುತ್ತೇವೆ. ಚೆನ್ನಾಗಿರುವ ಕೂಸಿಗೆ ತಾಯಿ ಎದೆಯೇ ವಾರ್ಮರ್, ಯಂತ್ರ ಅಗತ್ಯ ಇದ್ದವಕ್ಕೆ ಮಾತ್ರ ಅಂತ ಮಾಡಿಕೊಂಡಿದ್ದೇವೆ.

ಎರಡನೇ_ವರ್ಷ

ನಾನು ಹಾಕಿದ ಪ್ರಶ್ನೆ ಇನ್ನೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಆದರೆ ನೀವು ರಿಜಿಸ್ಟರ್ ಜಾಸ್ತಿ ಮಾಡಿಲ್ಲ, ಪ್ಲಗ್ ಒಂದು ಜಾಸ್ತಿ ಮಾಡಿದ್ದೀರಿ. ಅದರ ಮೇಲೆ ನನ್ನ ತಕರಾರಿಲ್ಲ. ನಮ್ಮ ವಾರ್ಡಿನ ಆ 'ಉಸಿರಾಟ 20' ಹಿಡಿಯೋಣ ಅಂತ ಇಬ್ಬರು ಸಿಸ್ಟರ್‌ಗಳ ಹತ್ತಿರ ಮಾತಾಡಿದ್ದೇನೆ. ನಕ್ಕರು. ಆದರೆ ಒಬ್ಬರು ಬರುತ್ತೇನೆ ಅಂದಿದ್ದಾರೆ.

ಏಲಕ್ಕಿಹಾರ

ತಂಗಿ, ಮುಂದಿನ ತಿಂಗಳು ನಿನ್ನ ಜೊತೆಯವರು ರೊಟೇಶನ್‌ನಲ್ಲಿ ಬೇರೆ ವಾರ್ಡಿಗೆ ಹೋಗುತ್ತಾರೆ. ಹೊಸಬರು ಬಂದ ವಾರ ಚುಕ್ಕೆ ಏರುತ್ತದೆ, ನೋಡು. ನಮ್ಮ ಬಾಟಲಿಗಳೂ ಹಾಗೇ ಒಂದು ತಿಂಗಳು ಖಾಲಿಯಾಗದೆ ನಿಂತಿದ್ದವು. ಹೊಸಬರಿಗೆ ಮೊದಲ ದಿನವೇ ಆಯಾ ಕೈಯಲ್ಲಿ ಹೇಳಿಸು. ಆಯಾಗೆ ರೊಟೇಶನ್ ಇಲ್ಲವಲ್ಲ.

ಉಣಕಲ್_ನಡಿಗೆ

ಪ್ಲಗ್ ಬರಲು ಎಷ್ಟು ದಿನ ಹಿಡಿಯಿತು?

ಬಿಳಿಸೆರಗು

57 ದಿನ ಕಾಕಾ. ಇಂಡೆಂಟ್ ಮೂರು ಸಲ ಕೊಟ್ಟೆ. ಕೊನೆಗೆ ನಮ್ಮ ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ದುಡ್ಡಿನಲ್ಲಿ ಆಯಿತು. ಎಲೆಕ್ಟ್ರಿಷಿಯನ್ ಬಂದು ಅರ್ಧ ಗಂಟೆಯಲ್ಲಿ ಮುಗಿಸಿ ಹೋದ.

ಏಲಕ್ಕಿ ಅಕ್ಕ, ರೊಟೇಶನ್ ಸೋಮವಾರದಿಂದಲೇ. ಇಬ್ಬರು ಹೊಸಬರು ಇವತ್ತೇ ವಾರ್ಡ್ ನೋಡಲು ಬಂದಿದ್ದರು. ಸಂಜೆ ಹೋಗಿ ನೋಡುತ್ತೇನೆ, ವಾರ್ಮರ್ ಪಿನ್ ಕೆಳಗೆ ನೇತಾಡುತ್ತಿದೆ, ಹೊಸ ಪ್ಲಗ್‌ನಲ್ಲಿ ಯಾರದೋ ಮೊಬೈಲ್ ಚಾರ್ಜರ್. ಆಯಾ ಆಗಲೇ ಅದನ್ನು ಕಿತ್ತು ಕೈಯಲ್ಲಿ ಹಿಡಿದು ನಿಂತಿದ್ದರು. ಯಾರದು ಅಂತ ಕೇಳಲಿಲ್ಲ. 'ಮೊಬೈಲ್‌ಗೆ ಬೇರೆ ಪ್ಲಗ್ ಎಲ್ಲಿ ಐತ್ರೀ ಈ ರೂಮಿನ್ಯಾಗ?' ಅಂತ ನನ್ನನ್ನೇ ಕೇಳಿದರು. ಇಲ್ಲ. ನಾಳೆ ಇನ್ನೊಂದು ಇಂಡೆಂಟ್ ಬರೆಯಬೇಕು.